ಬಗ್ಗದ ಸರಳು, ಬಗ್ಗುವ ಸರಳು

ಈ ಬಾರಿಯ ಬರಹದ ವಿಷಯ ಕೇಳಿದರೆ ನೀವು ನಕ್ಕುಬಿಡಬಹುದು. ಸೈಕಲ್ಲಿನ ಹೊರತು ಬೇರಾವ ವಾಹನವನ್ನೂ ನಡೆಸಿ ಅರಿಯದ, ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ವಿಜ್ಞಾನ ಮತ್ತು ಗಣಿತ ಬೋಧಿಸಿ ನಿವೃತ್ತನಾದ ಮೇಷ್ಟರೊಬ್ಬ ಅಮೆರಿಕದ ಹಳೆಯ ಕಾರುಗಳ ಸ್ಟೀರಿಂಗ್ ಶಾಫ್ಟಿನ ಬಗ್ಗೆ ಅಭಿಪ್ರಾಯ ಹೇಳಲು ಹೊರಟಿದ್ದಾನೆ. ನನ್ನ ಶ್ರೀಮತಿಯಂತೂ "ನಿಮಗೆ ಇನ್ನು ಉಳಿದಿದ್ದುದು ಇದೊಂದೇ" ಎಂದು ಆಗಲೇ ತೀರ್ಪು ಕೊಟ್ಟಾಗಿದೆ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಒಂದು ಕಬ್ಬಿಣದ ಸರಳು, ಸುಮಾರು ಐವತ್ತು ವರ್ಷ ನನ್ನ ಮನಸ್ಸಿನಲ್ಲಿ ಕುಳಿತಿದ್ದ ಒಂದು ಪ್ರಶ್ನೆಗೆ ಉತ್ತರ ಹೇಳಿತು.

ನಮ್ಮ ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ವಾಸವಾಗಿದ್ದಾನೆ. ನಿವೃತ್ತಿಯಾದ ಮೇಲೆ ನಾವಿಬ್ಬರೂ ಎರಡು ಬೇಸಿಗೆಗಳನ್ನು ಅಲ್ಲಿ ಕಳೆದೆವು. ಹಗಲಿನಲ್ಲಿ ಮಗ, ಸೊಸೆ ಕೆಲಸಕ್ಕೆ ಹೋದರೆ ಮನೆ ನಿಶ್ಶಬ್ದ. ನನಗೆ ಮಾತಿಗೆ ಸಿಕ್ಕವರು ಪಕ್ಕದ ಮನೆಯ ವೃದ್ಧರು. ಕಾರು ಕಾರ್ಖಾನೆಯೊಂದರಲ್ಲಿ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ದುಡಿದು ವಿಶ್ರಾಂತರಾದವರು. ಅವರ ಗ್ಯಾರೇಜಿನ ಬಾಗಿಲು ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತಿತ್ತು, ನಮ್ಮ ಶಾಲೆಯ ಗಂಟೆಗಿಂತ ಕರಾರುವಾಕ್ಕಾಗಿ. ನಾನು ಪ್ರೌಢಶಾಲಾ ಶಿಕ್ಷಕನೆಂದು ಎಷ್ಟು ಬಾರಿ ತಿಳಿಸಿದರೂ ಅವರು ನನ್ನನ್ನು ಕರೆಯುತ್ತಿದ್ದುದು "ಪ್ರೊಫೆಸರ್" ಎಂದೇ. ಬಡ್ತಿ ಕೊಟ್ಟವರೊಂದಿಗೆ ಜಗಳವೇಕೆಂದು ನಾನೂ ಸುಮ್ಮನಾದೆ.

ಗ್ಯಾರೇಜಿನ ಒಳಗೆ ಇದ್ದುದು 1965ರ ಫೋರ್ಡ್ ಮಸ್ಟಾಂಗ್. ಬಣ್ಣ ಕೆತ್ತಿ, ಸೀಟು ಕಳಚಿ, ಅಸ್ಥಿಪಂಜರದಂತೆ ನಿಂತಿತ್ತು. ಅದಕ್ಕೆ ಮೊದಲಿನ ರೂಪವನ್ನು ಮರಳಿ ಕೊಟ್ಟು, ಮೊಮ್ಮಗಳಿಗೆ ಹದಿನಾರು ತುಂಬಿ ಚಾಲನಾ ಪರವಾನಗಿ ಸಿಕ್ಕ ದಿನ ಕೀಲಿಕೈಯನ್ನು ಅವಳ ಕೈಗಿಡಬೇಕೆಂಬುದು ಆ ಅಜ್ಜನ ಆಸೆ. ಆ ಹುಡುಗಿಯೂ ನನ್ನ ಮೊಮ್ಮಗನೂ ಒಂದೇ ಶಾಲೆ. "ಮೊದಲ ಸವಾರಿಗೆ ನಾನೂ ಬರುತ್ತೇನೆ" ಎಂದು ನಮ್ಮವನು ಆಗಲೇ ಮಾತು ತೆಗೆದುಕೊಂಡಿದ್ದ. ಹೀಗೆ ಆ ಕಾರಿನ ವಿಷಯ ನಮ್ಮ ಮನೆಯ ವಿಷಯವೂ ಆಯಿತು.

ಮಸ್ಟಾಂಗ್ ಮೊದಲು ಜನರ ಮುಂದೆ ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ. ಅದೇ ಹೊತ್ತಿಗೆ ಪಾಂಟಿಯಾಕ್ ಕಂಪನಿಯು ತನ್ನ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ ದೊಡ್ಡ ಎಂಜಿನ್ ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಲ್ಲಿ ಮಾರತೊಡಗಿತ್ತು. ಸಣ್ಣ ಮೈಗೆ ಭಾರಿ ಎಂಜಿನ್ ಎಂಬ ಈ ಸೂತ್ರದಿಂದ ಹುಟ್ಟಿದ ಕಾರುಗಳಿಗೇ ಮುಂದೆ "ಮಸಲ್ ಕಾರ್" ಎಂಬ ಹೆಸರು ಬಂದಿತು. ನಾವು "ಕಟ್ಟುಮಸ್ತಾದ ಕಾರು" ಎನ್ನಬಹುದು. ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂ ಎಂಬ ಅಗಲವಾದ ರಸ್ತೆಯಲ್ಲಿ ಅಂದಿನ ತರುಣರು ಇವುಗಳನ್ನು ಓಡಿಸಿ ಪಂದ್ಯ ಕಟ್ಟುತ್ತಿದ್ದರಂತೆ. 1995ರಿಂದ ಪ್ರತಿ ಆಗಸ್ಟಿನ ಮೂರನೆಯ ಶನಿವಾರ ಅದೇ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ನಮ್ಮ ಕಡೆಯ ತೇರಿನಷ್ಟೇ ಜನಸಂದಣಿ. ನಾನೂ ಮಡಚುವ ಕುರ್ಚಿ ಹಿಡಿದು ರಸ್ತೆಯ ಅಂಚಿನಲ್ಲಿ ಕುಳಿತು ನೋಡಿದ್ದೇನೆ. ಆ ಕಾರುಗಳು ಸುಂದರವಾಗಿವೆ ಎಂಬುದರಲ್ಲಿ ಸಂಶಯವಿಲ್ಲ. ನನ್ನ ಮಾತೆಲ್ಲ ಅವುಗಳ ಒಳಗಿರುವ ಒಂದು ಭಾಗದ ಬಗ್ಗೆ.

ಒಂದು ಬೆಳಿಗ್ಗೆ ನೆರೆಯವರು ಕಾರಿನ ಕೆಳಗಿನಿಂದ ಸ್ಟೀರಿಂಗ್ ಬಾಕ್ಸನ್ನು ಕಳಚಿ ಮೇಜಿನ ಮೇಲಿಟ್ಟಿದ್ದರು. ಬಾಕ್ಸ್ ತೆಂಗಿನಕಾಯಿಯಷ್ಟು ದಪ್ಪ. ಆದರೆ ಅದರಿಂದ ಮೂರಡಿಗೂ ಮಿಕ್ಕಿದ ಉಕ್ಕಿನ ಸರಳೊಂದು ನೇರವಾಗಿ ಹೊರಟಿತ್ತು. ತುದಿಯಲ್ಲಿ ಸ್ಟೀರಿಂಗ್ ಚಕ್ರ ಕೂರುವ ಹಲ್ಲುಗಳು. ನಡುವೆ ಕೂಡಿಲ್ಲ, ಕೀಲಿಲ್ಲ. ಚಕ್ರದಿಂದ ಹಿಡಿದು ಬಾಕ್ಸಿನೊಳಗಿನ ತಿರುಪಿನವರೆಗೆ ಒಂದೇ ಅಖಂಡ ಉಕ್ಕು.

"ನೋಡಿ ಪ್ರೊಫೆಸರ್, ಅರವತ್ತು ವರ್ಷವಾದರೂ ಒಂದಿಷ್ಟೂ ಬಗ್ಗಿಲ್ಲ" ಎಂದು ಅವರು ಹೆಮ್ಮೆಯಿಂದ ಎತ್ತಿ ನನ್ನ ಕೈಗಿತ್ತರು.

ನಾನು ಅದನ್ನು ಹಿಡಿದುಕೊಂಡೆ. ಬಾಕ್ಸಿನ ತುದಿ ಆಚೆ, ಚಕ್ರದ ತುದಿ ನನ್ನ ಎದೆಯ ಕಡೆ. ಹಿಡಿದಿದ್ದುದು ಕಾರಿನ ಭಾಗದಂತೆ ಕಾಣಲಿಲ್ಲ, ಭರ್ಜಿಯಂತೆ ಕಂಡಿತು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ನನ್ನ ಚಿಕ್ಕಪ್ಪ.

1975ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಚಿಕ್ಕಪ್ಪ ಕೊಬ್ಬರಿ ವ್ಯಾಪಾರಿ. ಅರಸೀಕೆರೆಯ ಕಡೆಯಿಂದ ಹಳೆಯ ಕಾರೊಂದರಲ್ಲಿ ರಾತ್ರಿ ಮರಳುವಾಗ ಎತ್ತಿನಗಾಡಿಯೊಂದನ್ನು ತಪ್ಪಿಸಲು ಹೋಗಿ ರಸ್ತೆಬದಿಯ ಹುಣಿಸೆಮರಕ್ಕೆ ಗುದ್ದಿದರು. ವೇಗ ಹೆಚ್ಚಿರಲಿಲ್ಲವೆಂದು ಗಾಡಿಯವನೇ ಹೇಳಿದ. ಕಾರಿನ ಮುಂಭಾಗ ಜಜ್ಜಿತ್ತು. ಪಕ್ಕದಲ್ಲಿ ಕುಳಿತಿದ್ದವರು ಕೈಮುರಿದುಕೊಂಡು ಬದುಕಿದರು. ಚಿಕ್ಕಪ್ಪನ ಮುಖದಲ್ಲಿ ಒಂದು ಗೀರೂ ಇರಲಿಲ್ಲ, ನಿದ್ದೆ ಹೋದವರಂತಿದ್ದರು. ಎದೆ ಮಾತ್ರ ಒಳಗೆ ಕುಸಿದಿತ್ತು. "ಸ್ಟೀರಿಂಗ್ ಎದೆಗೆ ಹೊಡೆದಿದೆ" ಎಂದರು ವೈದ್ಯರು. "ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದ ಆದೀತು" ಎಂದರು ಅಜ್ಜಿ. "ರಾತ್ರಿ ಹೊತ್ತು ಅವನೇ ಏಕೆ ಓಡಿಸಬೇಕಿತ್ತು" ಎಂದರು ನೆಂಟರು. ವಿಧಿ, ಇಲ್ಲವೇ ಚಾಲಕನ ತಪ್ಪು. ಇವೆರಡನ್ನು ಬಿಟ್ಟು ಮೂರನೆಯ ಕಾರಣವೊಂದಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದೆ ನಾನೇ ವಿಜ್ಞಾನದ ಮೇಷ್ಟರಾದೆ. "ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುವುದೇಕೆ?" ಎರಡು ಅಂಕದ ಪ್ರಶ್ನೆ. ಜಡತ್ವ, ನ್ಯೂಟನ್ನನ ಮೊದಲ ನಿಯಮ ಎಂದು ಬರೆದರೆ ಪೂರ್ಣ ಅಂಕ. ಈ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಹಾಗೆ ಮುಂದಕ್ಕೆ ಬಾಗುವವನ ಎದುರಿಗೆ ಏನಿದೆ ಎಂಬ ಮುಂದಿನ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಲಿಲ್ಲ. ನನ್ನನ್ನು ನಾನೂ ಕೇಳಿಕೊಳ್ಳಲಿಲ್ಲ. ಕಾರು ಮರಕ್ಕೆ ಗುದ್ದುವುದು ಮೊದಲ ಡಿಕ್ಕಿ. ಒಳಗಿರುವ ಮನುಷ್ಯ ಜಡತ್ವದಿಂದ ಮುಂದಕ್ಕೆ ಸಾಗಿ ಕಾರಿನ ಒಳಭಾಗಕ್ಕೆ ಗುದ್ದುವುದು ಎರಡನೆಯ ಡಿಕ್ಕಿ. ಕೊಲ್ಲುವುದು ಬಹುಪಾಲು ಈ ಎರಡನೆಯದು. ಚಾಲಕನ ಪಾಡು ಇನ್ನೂ ಕಷ್ಟ. ಅವನು ಚಕ್ರದ ಕಡೆಗೆ ಸಾಗುತ್ತಿರುವಾಗಲೇ, ಜಜ್ಜಿದ ಮುಂಭಾಗವು ಸ್ಟೀರಿಂಗ್ ಬಾಕ್ಸನ್ನು ಹಿಂದಕ್ಕೆ ತಳ್ಳಿ, ಅಖಂಡ ಸರಳಿನ ಮೂಲಕ ಚಕ್ರವೂ ಅವನ ಕಡೆಗೆ ಬರುತ್ತಿರುತ್ತದೆ.

ಅಂದಿನಿಂದ ನಾನು ಆ ಗ್ಯಾರೇಜಿನ ವಿದ್ಯಾರ್ಥಿಯಾದೆ. ಹೊರಗಿನಿಂದ ನೋಡಿದರೆ ಎಲ್ಲ ಕಾರುಗಳ ಸ್ಟೀರಿಂಗೂ ಒಂದೇ: ತಿರುಗಿಸಲು ಒಂದು ಚಕ್ರ. ಒಳಗಿನ ಶಾಫ್ಟು ಮಾತ್ರ ಕಂಪನಿಗೊಂದು ಬಗೆ, ವರ್ಷಕ್ಕೊಂದು ಬಗೆ. ಕಲಿತಷ್ಟನ್ನು ಚುಟುಕಾಗಿ ಹೇಳುತ್ತೇನೆ.

1965 ಮತ್ತು 1966ರ ಮಸ್ಟಾಂಗಿನದು ಈಗಾಗಲೇ ಹೇಳಿದ ಅಖಂಡ ಸರಳು. ಅದೇ ವರ್ಷಗಳ ಪಾಂಟಿಯಾಕ್ ಜಿ.ಟಿ.ಓ.ದಲ್ಲಿ, ಅಂದರೆ ಜನರಲ್ ಮೋಟಾರ್ಸ್ ಬಳಗದ ಕಾರಿನಲ್ಲಿ, ಶಾಫ್ಟಿಗೂ ಬಾಕ್ಸಿಗೂ ನಡುವೆ ಒಂದು ಬಿಲ್ಲೆ ಇರುತ್ತದೆ. ರಬ್ಬರು ತುಂಬಿದ ದಪ್ಪ ಬಟ್ಟೆಯ ಬಿಲ್ಲೆಯಾದ್ದರಿಂದ ಮೆಕ್ಯಾನಿಕ್ಕುಗಳು ಇದನ್ನು "ರ್‍ಯಾಗ್ ಜಾಯಿಂಟ್" ಎನ್ನುತ್ತಾರೆ, ಚಿಂದಿಬಟ್ಟೆಯ ಕೂಡು. ಇದು ರಸ್ತೆಯ ನಡುಕ ಕೈಗೆ ತಟ್ಟದಂತೆ ತಡೆಯುತ್ತದೆ. ಶಾಫ್ಟಿಗೂ ಬಾಕ್ಸಿಗೂ ಇರುವ ಅಲ್ಪಸ್ವಲ್ಪ ಓರೆಯನ್ನು ಸರಿದೂಗಿಸುತ್ತದೆ. ಇದನ್ನು ನೋಡಿ "ಕೂಡು ಇದೆಯಲ್ಲ, ಅಪಾಯವಿಲ್ಲ" ಎಂದುಕೊಳ್ಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಬಿಲ್ಲೆಯ ಮೇಲಿನ ಶಾಫ್ಟು ಆ ವರ್ಷಗಳಲ್ಲಿ ಇನ್ನೂ ಮೊಟಕಾಗದ ಶಾಫ್ಟೇ. ನಡುಕವನ್ನು ತಡೆಯುವ ಬಟ್ಟೆ ಸಾವನ್ನು ತಡೆಯಲಾರದು.

ಕ್ರೈಸ್ಲರ್ ಬಳಗದ ಡಾಜ್ ಚಾರ್ಜರ್, ಪ್ಲಿಮತ್ ಬಾರಾಕುಡಾ ಮುಂತಾದವುಗಳದು ಇನ್ನೊಂದು ಬಗೆ. ಶಾಫ್ಟಿನ ತುದಿಯಲ್ಲಿ ಅಡ್ಡಪಿನ್ನು. ಅದರ ಎರಡು ಕಡೆ ಸಣ್ಣ ಲೋಹದ ತುಂಡುಗಳು. ಅವು ಕುಡಿಕೆಯಂಥ ಬಟ್ಟಲಿನೊಳಗೆ ಜಾರುತ್ತವೆ. ಹೆಸರೇ "ಪಾಟ್ ಜಾಯಿಂಟ್". ಪವರ್ ಸ್ಟೀರಿಂಗಿನ ಬಾಕ್ಸು ಸಾಧಾರಣ ಬಾಕ್ಸಿಗಿಂತ ಉದ್ದವಾದ್ದರಿಂದ ಅದಕ್ಕೆ ಕಾಲಂ ಮೋಟು, ಸಾಧಾರಣದ್ದಕ್ಕೆ ಉದ್ದ. ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳ ಶಾಫ್ಟು ಅದಲುಬದಲಾಗದೆ ಗುಜರಿಯಿಂದ ತಂದವರು ತಲೆ ಚಚ್ಚಿಕೊಳ್ಳುವುದು ಇದಕ್ಕೇ.

ಹಲ್ಲುಗಳ ಲೆಕ್ಕವಂತೂ ಗಣಿತದ ಮೇಷ್ಟರಿಗೆ ಹಬ್ಬ. ಜನರಲ್ ಮೋಟಾರ್ಸ್ ಕಾರುಗಳ ಕೆಲವು ಬಾಕ್ಸುಗಳ ಶಾಫ್ಟಿನ ವ್ಯಾಸ ಮುಕ್ಕಾಲು ಇಂಚು, ಹಲ್ಲು 30. ಇನ್ನು ಕೆಲವಕ್ಕೆ ವ್ಯಾಸ ಹದಿನಾರರಲ್ಲಿ ಹದಿಮೂರು ಇಂಚು, ಹಲ್ಲು 36. ವ್ಯಾಸದ ವ್ಯತ್ಯಾಸ ಹದಿನಾರರಲ್ಲಿ ಒಂದಂಶ ಇಂಚು, ಅಂದರೆ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಳತೆಗೆ ಎರಡೂ ಒಂದೇ. ಬಲವಂತವಾಗಿ ಕೂಡಿಸಿದವನ ಸ್ಟೀರಿಂಗು ಯಾವ ತಿರುವಿನಲ್ಲಿ ಕೈಕೊಡುತ್ತದೆಂದು ಹೇಳಲಾಗದು. ಸ್ವಾರಸ್ಯವೆಂದರೆ, ಮೇಲೆ ಹೇಳಿದ ಬಟ್ಟೆಯ ಬಿಲ್ಲೆಯ ಎರಡು ಬೋಲ್ಟುಗಳೂ ಒಂದೇ ಅಳತೆಯವಲ್ಲ. ಒಂದು ಹದಿನಾರರಲ್ಲಿ ಆರು, ಇನ್ನೊಂದು ಹದಿನಾರರಲ್ಲಿ ಐದು ಇಂಚು. ತಲೆಕೆಳಗಾಗಿ ಜೋಡಿಸಲು ಹೋದರೆ ಕೂರುವುದೇ ಇಲ್ಲ. ಅಲ್ಲಿ ಅಪಾಯವಾದ ಅದೇ ಹದಿನಾರರ ಒಂದಂಶ ಇಲ್ಲಿ ಕಾವಲುಗಾರ. ಜೋಡಿಸುವವನು ತಪ್ಪು ಮಾಡಿಯಾನೆಂದು ಮೊದಲೇ ಎಣಿಸಿ, ತಪ್ಪಿಗೆ ಎಡೆಯೇ ಇಲ್ಲದಂತೆ ಮಾಡಿದ ಆ ಎಂಜಿನಿಯರನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇವೆಲ್ಲ ಚಿಲ್ಲರೆ ವ್ಯತ್ಯಾಸಗಳು. ದೊಡ್ಡ ವ್ಯತ್ಯಾಸ ಬಂದದ್ದು 1967ರ ಮಾದರಿಗಳಲ್ಲಿ. ಆ ವರ್ಷ ಜನರಲ್ ಮೋಟಾರ್ಸ್ ಕಾರುಗಳ ಸ್ಟೀರಿಂಗ್ ಕಾಲಂ ಕುಸಿಯಲು ಕಲಿಯಿತು. ಹೊರಗಿನ ಕೊಳವೆಯ ಒಂದು ಭಾಗವನ್ನು ಜಾಲರಿಯಂತೆ ಕೊರೆದರು. ಗುದ್ದಿದಾಗ ಅದು ಮಡಚುವ ಕಾಗದದ ದೀಪದ ಗೂಡಿನಂತೆ ಕುಗ್ಗಿ, ಕುಗ್ಗುವ ಕೆಲಸದಲ್ಲೇ ಹೊಡೆತದ ಶಕ್ತಿಯನ್ನು ನುಂಗುತ್ತದೆ. ಒಳಗಿನ ಶಾಫ್ಟನ್ನು ಎರಡು ತುಂಡು ಮಾಡಿ, ಒಂದರೊಳಗೆ ಇನ್ನೊಂದು ಜಾರುವಂತಿಟ್ಟು, ನಡುವೆ ಪ್ಲಾಸ್ಟಿಕ್ ತುಂಬಿದರು. ದಿನನಿತ್ಯದ ತಿರುಗಾಟಕ್ಕೆ ಅದು ಗಟ್ಟಿ. ಅಪಘಾತದ ಹೊಡೆತಕ್ಕೆ ಪ್ಲಾಸ್ಟಿಕ್ ಕತ್ತರಿಸಿಹೋಗಿ ಶಾಫ್ಟು ದೂರದರ್ಶಕದ ಕೊಳವೆಯಂತೆ ಮೋಟಾಗುತ್ತದೆ. ಚಾಲಕನ ಮುಂದಿನ ಡ್ಯಾಶ್ ಹಲಗೆಗೆ ಕಾಲಂ ಹಿಡಿದಿರುವ ಜಾಗದಲ್ಲೂ ಒಂದು ಉಪಾಯವಿದೆ: ಕಾಲಂ ಎಂಜಿನ್ನಿನ ಕಡೆಗೆ ಜಾರಬಹುದು, ಚಾಲಕನ ಕಡೆಗೆ ಬರಲಾಗದು. ಮುಂದೆ ಜಾಲರಿಯ ಬದಲು ಎರಡು ಕೊಳವೆಗಳ ನಡುವೆ ಉಕ್ಕಿನ ಗುಂಡುಗಳನ್ನು ಬಿಗಿಯಾಗಿ ಕೂರಿಸಿದ ಬಗೆ ಬಂದಿತು. ಗುಂಡುಗಳು ಕೊಳವೆಯ ಗೋಡೆಯನ್ನು ನೇಗಿಲಿನಂತೆ ಉಳುತ್ತ ಶಕ್ತಿಯನ್ನು ತಿನ್ನುತ್ತವೆ.

ಹೊಸದಾಗಿ ಮಾರುಕಟ್ಟೆಗೆ ಬಂದ ಷೆವ್ರೊಲೆ ಕಮಾರೊ ಹೀಗಾಗಿ ಹುಟ್ಟಿನಿಂದಲೇ ಬಗ್ಗುವ ಕಾರು. ಕ್ರೈಸ್ಲರ್ ಕೂಡ ಅದೇ ವರ್ಷ ಇಂಥ ಕಾಲಂ ಅಳವಡಿಸಿತು. ಫೋರ್ಡ್ ಮಾತ್ರ 1967ರಲ್ಲಿ ಚಕ್ರದ ನಡುವಿಗೆ ದಪ್ಪನೆಯ ದಿಂಬಿನಂಥ ಗುಬುಟನ್ನು ಕೂರಿಸಿ, ಕುಸಿಯುವ ಕಾಲಮನ್ನು 1968ಕ್ಕೆ ತಂದಿತು. ಆದ್ದರಿಂದ 1966ರ ಮಸ್ಟಾಂಗಿಗೂ 1968ರ ಮಸ್ಟಾಂಗಿಗೂ ಹೊರರೂಪದಲ್ಲಿ ಅಣ್ಣತಮ್ಮಂದಿರ ಹೋಲಿಕೆಯಿದ್ದರೂ ಚಾಲಕನ ಎದೆಗೆ ಅವು ಬೇರೆ ಬೇರೆ ಯುಗದ ಕಾರುಗಳು.

ಈ ಬದಲಾವಣೆ ತಾನಾಗಿ ಆಗಲಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು "ಅನ್‌ಸೇಫ್ ಅಟ್ ಎನಿ ಸ್ಪೀಡ್" ಎಂಬ ಪುಸ್ತಕ ಬರೆದರು. ಷೆವ್ರೊಲೆ ಕಾರ್ವೇರ್ ಎಂಬ ಕಾರಿನಲ್ಲಿ ಸ್ಟೀರಿಂಗ್ ಶಾಫ್ಟಿನ ಮುಂತುದಿ ಮುಂದಿನ ಟೈರುಗಳಿಗಿಂತಲೂ ಮುಂದೆ ಚಾಚಿಕೊಂಡಿರುವುದನ್ನು ಅವರು ಎತ್ತಿ ತೋರಿಸಿದರು. ಅಂದರೆ ಎದುರಿನಿಂದ ಬಂದ ಹೊಡೆತಕ್ಕೆ ಕಾರಿನ ಬೇರೆ ಭಾಗಕ್ಕಿಂತ ಮೊದಲು ಸಿಗುವುದು ಚಾಲಕನ ಎದೆಗೆ ಗುರಿಯಿಟ್ಟ ಆ ಸರಳು. ಕಂಪನಿಯು ಉತ್ತರ ಕೊಡುವ ಬದಲು ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. ವಿಷಯ ಬಯಲಾಗಿ, 1966ರ ಮಾರ್ಚಿನಲ್ಲಿ ಜನರಲ್ ಮೋಟಾರ್ಸ್ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಆ ಒಂದೇ ವರ್ಷ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50,000ಕ್ಕೂ ಹೆಚ್ಚು. 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. 1968ರ ಜನವರಿ 1ರಿಂದ ಸ್ಟೀರಿಂಗಿಗೂ ನಿಯಮ ಬಂದಿತು: ಗಂಟೆಗೆ 30 ಮೈಲಿ ವೇಗದಲ್ಲಿ ಗೋಡೆಗೆ ಗುದ್ದಿಸಿದಾಗ ಕಾಲಮಿನ ಮೇಲ್ತುದಿ ಐದು ಇಂಚಿಗಿಂತ, ಅಂದರೆ 127 ಮಿಲಿಮೀಟರಿಗಿಂತ ಹೆಚ್ಚು ಹಿಂದಕ್ಕೆ ಬರಕೂಡದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ನಿಯಮ ಜಾರಿಯಾಗುವ ಮೊದಲೇ ಜನರಲ್ ಮೋಟಾರ್ಸಿನ ಎಂಜಿನಿಯರುಗಳು ಕುಸಿಯುವ ಕಾಲಮನ್ನು ಸಿದ್ಧಪಡಿಸಿದ್ದರು. ಸರ್ಕಾರ ತಾನು ಕೊಳ್ಳುವ ಕಾರುಗಳಿಗೆ ವಿಧಿಸಿದ್ದ ಷರತ್ತೂ ಅದಕ್ಕೆ ಒತ್ತಾಸೆಯಾಯಿತು. ಜ್ಞಾನ ಕಾರ್ಖಾನೆಯೊಳಗೇ ಇತ್ತು. ಅದನ್ನು ಹೊರಗೆ ತರಲು ಹೊರಗಿನವರ ಒತ್ತಡ ಬೇಕಾಯಿತು.

ಆ ಜ್ಞಾನ ಎಲ್ಲಿಂದ ಬಂದಿತು? ಡೆಟ್ರಾಯಿಟ್ ನಗರದಲ್ಲಿಯೇ ಇರುವ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ಮನುಷ್ಯದೇಹ ಎಷ್ಟು ಹೊಡೆತವನ್ನು ತಾಳಬಲ್ಲದೆಂದು ಅಳೆಯುತ್ತಿದ್ದರು. ವೈದ್ಯಕೀಯ ಅಧ್ಯಯನಕ್ಕೆ ಒದಗಿದ ಮೃತದೇಹಗಳ ಮೇಲೆ ಪ್ರಯೋಗ ನಡೆಯಿತು. ಸಾಯದಷ್ಟು ಹೊಡೆತಗಳನ್ನು ಪ್ಯಾಟ್ರಿಕ್ ಸ್ವತಃ ತಮ್ಮ ಎದೆಯ ಮೇಲೆ ತೆಗೆದುಕೊಂಡರು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಜಡತ್ವ ಬರೆದೆ. ಇನ್ನೊಬ್ಬ ಮೇಷ್ಟರು ಅದನ್ನು ತಮ್ಮ ಪಕ್ಕೆಲುಬಿನ ಮೇಲೆ ಬರೆಸಿಕೊಂಡರು.

ಫಲಿತಾಂಶವೂ ತಿಳಿದಿದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1981ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂಭಾಗದ ಡಿಕ್ಕಿಗಳಲ್ಲಿ ಚಾಲಕರ ಸಾವಿನ ಸಂಭವ ಇಂಥ ಕಾಲಮಿನಿಂದ ಶೇಕಡಾ 12ರಷ್ಟು ತಗ್ಗಿತು. ಶೇಕಡಾ 12 ಎಂದರೆ ಪವಾಡವೇನಲ್ಲ. ಕುಸಿಯುವ ಕಾಲಂ ಇದ್ದವರೆಲ್ಲ ಬದುಕಿದರೆಂದು ನಾನು ಹೇಳುತ್ತಿಲ್ಲ. ಆದರೆ ಆ ಹನ್ನೆರಡರೊಳಗೆ ಯಾರ ಯಾರ ಚಿಕ್ಕಪ್ಪಂದಿರಿದ್ದಾರೆ ಎಂದು ಯೋಚಿಸಿದಾಗ ಅದು ಸಣ್ಣ ಸಂಖ್ಯೆಯಾಗಿ ಕಾಣುವುದಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಹಳೆಯ ಕಾರುಗಳನ್ನು ಪುನರುಜ್ಜೀವಗೊಳಿಸುವವರಲ್ಲಿ ಒಂದು ವ್ರತವಿದೆ: ಎಲ್ಲವೂ ಮೂಲದಂತೆಯೇ ಇರಬೇಕು. ಎಂಜಿನ್ನಿನ ಮೇಲಿನ ಸಂಖ್ಯೆ, ಗಾಜಿನ ಮೂಲೆಯ ಮುದ್ರೆ, ತಿರುಪುಗಳ ತಲೆಯ ಗುರುತು, ಎಲ್ಲ ಕಾರ್ಖಾನೆಯಿಂದ ಬಂದಂತೆಯೇ. ನೆರೆಯವರೂ ಇದೇ ಮತದವರು. ಶಾಫ್ಟನ್ನು ಶುಚಿಗೊಳಿಸಿ, ಕಪ್ಪು ಬಣ್ಣ ಬಳಿದು, ಮತ್ತೆ ಅದನ್ನೇ ಕೂರಿಸುವವರಿದ್ದರು. ಕಾಯಿದೆಯ ಅಡ್ಡಿಯೂ ಇಲ್ಲ. 1968ರ ನಿಯಮ ಅದಕ್ಕೆ ಮೊದಲು ತಯಾರಾದ ಕಾರುಗಳಿಗೆ ಅನ್ವಯಿಸುವುದಿಲ್ಲ. ಎಲ್ಲವೂ ಒಡೆಯನ ವಿವೇಚನೆಗೆ ಬಿಟ್ಟದ್ದು.

ಅವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. "ಶಾಫ್ಟು ಬದಲಿಸಿದೆ ಎನ್ನಿ. ನಾಳೆ ಬ್ರೇಕು ಎನ್ನುತ್ತೀರಿ, ನಾಡಿದ್ದು ಸೀಟು. ಕೊನೆಗೆ ಮಸ್ಟಾಂಗ್ ಎಂಬ ಹೆಸರು ಬಿಟ್ಟು ಏನು ಉಳಿಯಿತು?" ಎಂದು ಅವರು ಕೇಳಿದರು. ನಮ್ಮ ಕಡೆ ಹೇಳುವ ಅಜ್ಜನ ಕೊಡಲಿಯ ಕತೆಯೇ ಇದು: ಎರಡು ಸಲ ತಲೆ, ಮೂರು ಸಲ ಕಾವು ಬದಲಿಸಿದ ಮೇಲೂ ಅದು ಅಜ್ಜನ ಕೊಡಲಿಯೇ? ಹಳೆಯದನ್ನು ಇದ್ದಂತೆ ಉಳಿಸಬೇಕೆಂಬ ಹಂಬಲದಲ್ಲಿ ಸತ್ಯನಿಷ್ಠೆಯಿದೆ. ಹಿಂದಿನವರ ತಪ್ಪುಗಳನ್ನೂ ಮುಚ್ಚಿಡದೆ ತೋರಿಸುವುದು ಇತಿಹಾಸದ ಕೆಲಸ.

ಆದರೆ ಅದಕ್ಕೊಂದು ಜಾಗವಿದೆ. ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಮೊಟ್ಟಮೊದಲ ಕ್ರಮಸಂಖ್ಯೆಯ ಮಸ್ಟಾಂಗ್ ನಿಂತಿದೆ. ಅದರ ಒಂದು ತಿರುಪನ್ನೂ ಯಾರೂ ಬದಲಿಸಬಾರದು. ಏಕೆಂದರೆ ಅದು ಎಲ್ಲಿಗೂ ಹೋಗುವುದಿಲ್ಲ. ಹದಿನಾರರ ಹುಡುಗಿ ಶಾಲೆಗೆ ಓಡಿಸುವ ಕಾರು ವಸ್ತುಸಂಗ್ರಹಾಲಯವಲ್ಲ. ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸರಳ: ಕಣ್ಣಿಗೆ ಕಾಣುವುದನ್ನೆಲ್ಲ ಮೂಲದಂತೆ ಇಡಿ, ಅಪಘಾತದಲ್ಲಿ ಮೈಗೆ ತಾಕುವುದನ್ನು ಮಾತ್ರ ಇಂದಿನ ಅರಿವಿನಂತೆ ಇಡಿ. ಸ್ಟೀರಿಂಗ್ ಶಾಫ್ಟು ಹೇಗೂ ಕೊಳವೆಯೊಳಗೆ ಅಡಗಿರುವಂಥದ್ದು. ಅದು ಅಖಂಡವೋ ಎರಡು ತುಂಡೋ ಎಂದು ಮೆರವಣಿಗೆ ನೋಡುವವನಿಗೆ ತಿಳಿಯದು. ಚಾಲಕನ ಎದೆಗೆ ಮಾತ್ರ ತಿಳಿಯುತ್ತದೆ. ಅದರ ಮೇಲೆ, 1965ರ ಆ ಕಾರಿನಲ್ಲಿದ್ದುದು ಸೊಂಟದ ಪಟ್ಟಿ ಮಾತ್ರ. ಎದೆಯನ್ನು ಹಿಡಿದು ನಿಲ್ಲಿಸುವ ಹೆಗಲ ಪಟ್ಟಿಯಿರಲಿಲ್ಲ.

ಬಗ್ಗುವ ಶಾಫ್ಟು ಇದ್ದವರೂ ನಿಶ್ಚಿಂತರಾಗಿರುವಂತಿಲ್ಲ. ಚಕ್ರ ಬಿಗಿಯಾಗಿ ಕೂತಿದೆಯೆಂದು ಸರಿಯಾದ ಸಲಕರಣೆ ಬಳಸದೆ ಶಾಫ್ಟಿನ ತಲೆಗೆ ಸುತ್ತಿಗೆಯಿಂದ ಬಡಿಯುವವರಿದ್ದಾರೆ. ಬಡಿದಾಗ ಒಳಗಿನ ಪ್ಲಾಸ್ಟಿಕ್ ಅಲ್ಲೇ ಕತ್ತರಿಸಿಹೋಗಿ, ಅಪಘಾತದ ದಿನಕ್ಕೆಂದು ಇಟ್ಟ ಗುಣ ಗ್ಯಾರೇಜಿನಲ್ಲೇ ಖರ್ಚಾಗುತ್ತದೆ. ಇನ್ನು ಕೆಲವರು ಅಳತೆ ಹೊಂದದ ಎರಡು ಶಾಫ್ಟುಗಳಿಗೆ, ಕೆಲವೊಮ್ಮೆ ಜಾರಬೇಕಾದ ಭಾಗಕ್ಕೇ, ವೆಲ್ಡಿಂಗ್ ಹಾಕಿ "ಈಗ ಗಟ್ಟಿಯಾಯಿತು" ಎನ್ನುತ್ತಾರೆ. ಎಂಜಿನಿಯರು ಬೇಕೆಂದೇ ಇಟ್ಟ ದೌರ್ಬಲ್ಯವನ್ನು ದೋಷವೆಂದು ತಿಳಿದು ತಿದ್ದಿದರೆ ಮತ್ತೆ ಭರ್ಜಿಯೇ ತಯಾರಾಗುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತರಗತಿಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಬಗ್ಗಬೇಕಾದವರು ಯಾವಾಗಲೂ ಮಕ್ಕಳೇ ಎಂದು ಆಗ ತಿಳಿದಿದ್ದೆ. ಅಮೆರಿಕದ ಕಾರು ವ್ಯಾಪಾರದಲ್ಲೂ ಒಂದು ಕಾಲಕ್ಕೆ ಇದೇ ಮಾತಿತ್ತು: ದೋಷ ಕಾರಿನ ನಟ್ಟಿನಲ್ಲಿಲ್ಲ, ಚಕ್ರದ ಹಿಂದೆ ಕುಳಿತ "ನಟ್"ನಲ್ಲಿದೆ ಎಂದು. ಆ ಪದಕ್ಕೆ ತಲೆಕೆಟ್ಟವನೆಂಬ ಅರ್ಥವೂ ಇರುವುದರಿಂದ ಅದೊಂದು ಚಮತ್ಕಾರದ ಮಾತು. ಚಾಲಕನನ್ನು ತಿದ್ದಿ, ಕಾರನ್ನಲ್ಲ ಎಂಬುದು ಅದರ ತಾತ್ಪರ್ಯ. ಹಿಂದಿನ ಬೆಂಚಿನವನಿಗೆ ಕರಿಹಲಗೆ ಕಾಣುತ್ತಿದೆಯೇ ಎಂದು ನೋಡದೆ ಅವನನ್ನು ದಡ್ಡನೆಂದ ದಿನಗಳು ನನಗೂ ಇವೆ. ಮನುಷ್ಯ ತಪ್ಪು ಮಾಡುತ್ತಾನೆ. ಎತ್ತಿನಗಾಡಿ ಅಡ್ಡ ಬರುತ್ತದೆ, ರಾತ್ರಿ ಕತ್ತಲಿರುತ್ತದೆ, ಕಣ್ಣು ಕ್ಷಣಕಾಲ ಮಂಪರಾಗುತ್ತದೆ. ತಪ್ಪಿಗೆ ಮರಣದಂಡನೆ ಇರಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಮಾತ್ರ ವಿಧಿಯಲ್ಲ. ವಸ್ತುವನ್ನು ರೂಪಿಸಿದವನ ಕೈ.

ಇದನ್ನೆಲ್ಲ ನೆರೆಯವರಿಗೆ ನಾನು ಉಪನ್ಯಾಸವಾಗಿ ಹೇಳಲಿಲ್ಲ. ಚಿಕ್ಕಪ್ಪನ ಕತೆಯನ್ನಷ್ಟೇ ಹೇಳಿದೆ. ಅವರು ಕೇಳಿ, ಏನೂ ಮಾತನಾಡದೆ ಕೈ ಒರೆಸಿಕೊಂಡು ಒಳಗೆ ಹೋದರು. ಬೇಸರ ಮಾಡಿದೆನೇನೋ ಎಂದು ನನಗೆ ಅಳುಕಾಯಿತು. ಎರಡು ವಾರದ ಮೇಲೆ ಕರೆದು ತೋರಿಸಿದರು: ಮೋಟು ಶಾಫ್ಟಿನ ಬಾಕ್ಸು, ಅದಕ್ಕೆ ಹೊಂದುವ ಕುಸಿಯುವ ಕಾಲಂ, ಮೇಲೆ ಹಳೆಯ ಚಕ್ರವೇ. ಹೆಗಲ ಪಟ್ಟಿಗಳಿಗೂ ಕೊಂಡಿ ಕೂರಿಸುತ್ತಿದ್ದರು.

ಹಳೆಯ ಸರಳನ್ನು ಅವರು ಗುಜರಿಗೆ ಹಾಕಲಿಲ್ಲ. ಎಣ್ಣೆ ಸವರಿ ಗ್ಯಾರೇಜಿನ ಗೋಡೆಗೆ ಅಡ್ಡಲಾಗಿ ತೂಗುಹಾಕಿ, ಕಾರಿನ ಸಂಖ್ಯೆ ಬರೆದ ಚೀಟಿಯನ್ನು ಕಟ್ಟಿದ್ದಾರೆ. ಮುಂದೆ ಎಂದಾದರೂ ಆ ಕಾರು ವಸ್ತುಸಂಗ್ರಹಾಲಯ ಸೇರುವುದಾದರೆ ಮೂಲ ಶಾಫ್ಟು ಸಿದ್ಧವಾಗಿದೆ. ಅಲ್ಲಿಯವರೆಗೆ ಅದು ಗೋಡೆಯ ಮೇಲೆ ಇರಲಿ. ಇತಿಹಾಸ ಇರಬೇಕಾದ ಜಾಗ ಅದೇ ಎಂದು ನನಗೆ ಅನ್ನಿಸುತ್ತದೆ.

ಕಳೆದ ತಿಂಗಳು ಮೊಮ್ಮಗ ಫೋನಿನಲ್ಲಿ, "ತಾತ, ಮಸ್ಟಾಂಗಿನಲ್ಲಿ ಹೋಗಿಬಂದೆ" ಎಂದ. ಪಟ್ಟಿ ಕಟ್ಟಿಕೊಂಡಿದ್ದೆಯೇನಪ್ಪಾ ಎಂದು ಕೇಳಿದೆ. "ಕಟ್ಟಿಕೊಳ್ಳದಿದ್ದರೆ ಅವರ ತಾತ ಕಾರನ್ನೇ ಹೊರಡಿಸುತ್ತಿರಲಿಲ್ಲ" ಎಂದು ನಕ್ಕ. ಅಂದು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂದಿತು.